ಪ್ರೌಢರ ಭಾಷಾಭ್ಯಾಸವೂ ಬಳ್ಳಾರಿಯ ಎರಡು ನಿಘಂಟುಗಳೂ

ಪ್ರಾಯ ಸಂದಮೇಲೆ ಪರಭಾಷೆಯೊಂದನ್ನು ಅತಿಶೀಘ್ರವಾಗಿ ಕಲಿತುಬಿಡಬೇಕೆಂಬ ಆಶೆಯು ಈ ಕಾಲದಲ್ಲಿ ಹೊಸದಾಗಿ ಹುಟ್ಟಿದುದಲ್ಲ. ವ್ಯಾಪಾರಿಯೂ, ಸೈನಿಕನೂ, ಧರ್ಮಬೋಧಕನೂ, ಅಧಿಕಾರಿಯೂ ಹೊಸ ನಾಡಿಗೆ ಕಾಲಿಟ್ಟ ಮರುದಿನವೇ ಅಲ್ಲಿಯ ಜನರ ಮಾತು ತನ್ನ ನಾಲಗೆಗೆ ಒಗ್ಗಬೇಕೆಂದು ಬಯಸುವುದು ಸಹಜವೇ ಸರಿ. ಆ ಬಯಕೆಯನ್ನೇ ಬಂಡವಾಳ ಮಾಡಿಕೊಂಡ ಪುಸ್ತಕಗಳಿಗೂ ಕೊರತೆಯಿಲ್ಲ. ಮೂವತ್ತು ದಿನಗಳಲ್ಲಿ ಇಂಥ ಭಾಷೆಯನ್ನು ಕಲಿಸಿಕೊಡುವೆವೆಂದು ಮುಖಪುಟದಲ್ಲಿಯೇ ವಾಗ್ದಾನ ಮಾಡುವ ಕೈಪಿಡಿಗಳು ಪುಸ್ತಕದಂಗಡಿಗಳಲ್ಲಿ ಸಾಲುಸಾಲಾಗಿ ನಿಂತಿರುತ್ತವೆ. ಈಚೆಗೆ ಅವುಗಳ ಜೊತೆಗೆ ಮೊಬೈಲ್ ಫೋನಿನಲ್ಲಿ ಪಾಠ ಹೇಳುವ ಸಾಧನಗಳೂ ಬಂದು ಸೇರಿವೆ. ಇವುಗಳಿಗೆ ಗಿರಾಕಿಗಳು ಯಥೇಷ್ಟವಾಗಿರುವರು. ಆದರೆ ಇವುಗಳನ್ನು ಗ್ರಂಥಗಳೆಂದೆಣಿಸಿ ಗುಣದೋಷಗಳನ್ನು ತೂಗಿ ನೋಡುವ ವಿಮರ್ಶಕರು ಮಾತ್ರ ವಿರಳ. ಕಾವ್ಯವನ್ನೂ ನಾಟಕವನ್ನೂ ಒರೆಗೆ ಹಚ್ಚುವ ವಿಮರ್ಶೆಯು, ಒಂದು ಭಾಷೆಯ ಹೊಸ್ತಿಲಲ್ಲಿ ನಿಂತವನ ಕೈಗೆ ಮೊಟ್ಟಮೊದಲು ಬೀಳುವ ಪುಸ್ತಕವನ್ನು ಅಲಕ್ಷ್ಯ ಮಾಡುವುದು ಉಚಿತವಲ್ಲ. ಏಕೆಂದರೆ ಮನೆಯ ಮರ್ಯಾದೆಯು ಮೊದಲು ತಿಳಿಯುವುದು ಹೊಸ್ತಿಲಲ್ಲಿಯೇ.

ಈ ವಿಚಾರವನ್ನು ಪರೀಕ್ಷಿಸುವುದಕ್ಕೆ ಬಳ್ಳಾರಿಗಿಂತ ತಕ್ಕ ಸ್ಥಳವು ಕನ್ನಡನಾಡಿನಲ್ಲಿ ದೊರೆಯುವುದು ಕಷ್ಟ. ನಿಜಾಮನು ೧೮೦೦ರಲ್ಲಿ ಈ ಸೀಮೆಯನ್ನು ಇಂಗ್ಲಿಷು ಕಂಪನಿಗೆ ಬಿಟ್ಟುಕೊಟ್ಟನು. ದತ್ತಮಂಡಲವೆಂದು ಹೆಸರಾದ ಆ ವಿಶಾಲ ಪ್ರದೇಶವನ್ನು ೧೮೦೮ರಲ್ಲಿ ವಿಭಾಗಿಸಿ ಬಳ್ಳಾರಿ ಜಿಲ್ಲೆಯನ್ನು ಏರ್ಪಡಿಸಿದರು. ಕನ್ನಡವೂ ತೆಲುಗೂ ಒಂದೇ ಕೇರಿಯಲ್ಲಿ ನೆರೆಹೊರೆಯಾಗಿ ಬಾಳುತ್ತಿದ್ದ ಆ ಜಿಲ್ಲೆಗೆ, ಈ ಎರಡರಲ್ಲಿ ಒಂದನ್ನೂ ತಾಯ ಮಡಿಲಿನಲ್ಲಿ ಕೇಳದಿದ್ದ ಜನರು ಬಂದು ನೆಲಸಿದರು. ಅವರಲ್ಲಿ ಮೂವರು ಭಾಷಾಭ್ಯಾಸದ ಚರಿತ್ರೆಯಲ್ಲಿ ನೆನೆಯತಕ್ಕವರು: ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ಅದೇ ಸಂಸ್ಥೆಯ ವಿಲಿಯಂ ರೀವ್, ಜಿಲ್ಲೆಯ ಕಲೆಕ್ಟರಾಗಿದ್ದ ಅಲೆಗ್ಸಾಂಡರ್ ಡಂಕನ್ ಕ್ಯಾಂಬೆಲ್. ಮೂವರೂ ಪ್ರೌಢವಯಸ್ಸಿನಲ್ಲಿ ಕಲಿತವರು. ಮೂವರೂ ತಮ್ಮ ಕಲಿಕೆಯ ಗುರುತನ್ನು ಬರೆಹದಲ್ಲಿ ಬಿಟ್ಟುಹೋದವರು. ಅವರ ಉದ್ದೇಶಗಳನ್ನು ಎಲ್ಲರೂ ಒಪ್ಪಬೇಕೆಂದಿಲ್ಲ. ಒಬ್ಬರಿಗೆ ಮತಪ್ರಚಾರವು ಗುರಿ, ಇನ್ನೊಬ್ಬರಿಗೆ ಕಂದಾಯವು ಗುರಿ. ಆದರೆ ಉದ್ದೇಶ ಬೇರೆ, ಸಾಧನೆ ಬೇರೆ; ಪ್ರಕೃತ ವಿಚಾರಕ್ಕೆ ಸಾಧನೆಯೇ ಸಾಕು.

ಹ್ಯಾಂಡ್ಸ್ ಪಾದ್ರಿಗಳು ಬಳ್ಳಾರಿಗೆ ಬಂದುದು ೧೮೧೦ರಲ್ಲಿ. ಆ ವರ್ಷದಲ್ಲಿ ಇಂಗ್ಲಿಷು ಬಲ್ಲವನೊಬ್ಬನು ಕನ್ನಡವನ್ನು ಕಲಿಯುವುದಕ್ಕೆ ಮುದ್ರಿತವಾದ ವ್ಯಾಕರಣವಾಗಲಿ ನಿಘಂಟಾಗಲಿ ಇರಲಿಲ್ಲ. ಶ್ರೀರಾಮಪುರದ ವಿಲಿಯಂ ಕೇರಿಯವರ ಕರ್ಣಾಟಕ ವ್ಯಾಕರಣವು ಹೊರಬಂದುದು ೧೮೧೭ರಲ್ಲಿ. ಮ್ಯಾಕೆರೆಲ್ ಸಾಹೇಬರ ವ್ಯಾಕರಣವು ಮದ್ರಾಸಿನಲ್ಲಿ ಅಚ್ಚಾದುದು ೧೮೨೦ರಲ್ಲಿ. ಎಂದಮೇಲೆ ಹ್ಯಾಂಡ್ಸ್ ಅವರಿಗೆ ಮನುಷ್ಯರ ಬಾಯಿಯೇ ಪುಸ್ತಕ, ಪೇಟೆಯೇ ಪಾಠಶಾಲೆ. ಅವರು ಕೈಗೊಂಡ ಬೈಬಲ್ಲಿನ ಕನ್ನಡ ಭಾಷಾಂತರವು ಸಮಗ್ರವಾಗಿ ಮುಗಿದುದು ೧೮೩೧ರಲ್ಲಿ, ಅಂದರೆ ಊರಿಗೆ ಬಂದ ಇಪ್ಪತ್ತೊಂದನೆಯ ವರ್ಷದಲ್ಲಿ. ಇಪ್ಪತ್ತೊಂದು ವರ್ಷವೆಂದರೆ ಒಂದು ಶಿಶುವು ಹುಟ್ಟಿ, ಬೆಳೆದು, ಕಲಿತು, ಸಂಸಾರ ಹೂಡುವಷ್ಟು ಕಾಲ. ಹೀಗಿದ್ದರೂ ಆ ಶತಮಾನದ ಮಧ್ಯಭಾಗದಲ್ಲಿ ವೈಗಲ್ ಮೊದಲಾದವರು ಕನ್ನಡ ಬೈಬಲ್ಲನ್ನು ಮತ್ತೆ ಪರಿಷ್ಕರಿಸಲು ತೊಡಗಬೇಕಾಯಿತು. ಇದನ್ನು ಹ್ಯಾಂಡ್ಸ್ ಅವರ ಸೋಲೆಂದು ಎಣಿಸುವುದು ನ್ಯಾಯವಲ್ಲ. ಗದ್ಯದ ಮಾದರಿಯೇ ಇನ್ನೂ ನೆಲೆಗೊಳ್ಳದಿದ್ದ ಕಾಲದಲ್ಲಿ ಅಷ್ಟು ದೊಡ್ಡ ಗ್ರಂಥವನ್ನು ಪರಭಾಷಿಕನೊಬ್ಬನು ಕನ್ನಡಕ್ಕೆ ತಂದನೆಂಬುದೇ ಸಾಹಸ. ಆದರೆ ಬಾಯಿಮಾತು ಬಂದ ದಿನವೇ ಭಾಷೆ ಬಂದಿತೆಂದು ತಿಳಿಯುವವರಿಗೆ ಈ ಲೆಕ್ಕವು ಒಂದು ಪಾಠವನ್ನು ಹೇಳುತ್ತದೆ: ಊಟಕ್ಕೆ, ಪ್ರಯಾಣಕ್ಕೆ, ವ್ಯಾಪಾರಕ್ಕೆ ಬೇಕಾದ ಮಾತು ತಿಂಗಳುಗಳಲ್ಲಿ ಬರಬಹುದು, ಮನಸ್ಸಿಗೆ ನಾಟುವಂತೆ ಹೇಳುವ ಮಾತಿಗೆ ಅರ್ಧ ಆಯುಷ್ಯವೂ ಸಾಲದೆ ಹೋಗಬಹುದು.

ಈಗ ರೀವ್ ಅವರ ನಿಘಂಟುಗಳನ್ನು ನೋಡಬೇಕು. ಇವು ಒಂದಲ್ಲ, ಎರಡು. ಇಂಗ್ಲಿಷು ಶಬ್ದಕ್ಕೆ ಕನ್ನಡ ಅರ್ಥವನ್ನು ಕೊಡುವ ನಿಘಂಟು ೧೮೨೪ರಲ್ಲಿ ಪ್ರಕಟವಾಯಿತು. ಕನ್ನಡ ಶಬ್ದಕ್ಕೆ ಇಂಗ್ಲಿಷು ಅರ್ಥವನ್ನು ಕೊಡುವ ನಿಘಂಟು ೧೮೩೨ರಲ್ಲಿ ಪ್ರಕಟವಾಯಿತು. ಇವುಗಳ ನಡುವೆ ಎಂಟು ವರ್ಷಗಳ ಅಂತರವಿರುವುದಷ್ಟೆ. ಗ್ರಂಥಸೂಚಿಯನ್ನು ಬರೆಯುವವನು ಈ ಎರಡು ಇಸವಿಗಳನ್ನು ಗುರುತುಮಾಡಿಕೊಂಡು ಮುಂದೆ ಹೋಗುವನು. ಆದರೆ ಭಾಷಾಭ್ಯಾಸದ ರಹಸ್ಯವೆಲ್ಲವೂ ಈ ಕ್ರಮದಲ್ಲಿಯೇ ಅಡಗಿದೆಯೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಮೊದಲನೆಯ ನಿಘಂಟು ಯಾರಿಗಾಗಿ? ಹೇಳಬೇಕೆಂದಿರುವವನಿಗಾಗಿ. ತನ್ನ ಮನಸ್ಸಿನಲ್ಲಿ ಮಾತು ಸಿದ್ಧವಾಗಿದೆ, ಅದಕ್ಕೆ ಕನ್ನಡದ ಉಡುಪನ್ನು ತೊಡಿಸಿದರೆ ಸಾಕೆಂದು ತಿಳಿದವನು ಅದನ್ನು ತೆರೆಯುತ್ತಾನೆ. ಅಪ್ಪಣೆ ಕೊಡುವ ಅಧಿಕಾರಿ, ಬೋಧಿಸುವ ಪಾದ್ರಿ, ಸರಕು ಕೇಳುವ ವ್ಯಾಪಾರಿ, ಇವರೆಲ್ಲರೂ ಈ ವರ್ಗದವರು. ಎರಡನೆಯ ನಿಘಂಟು ಯಾರಿಗಾಗಿ? ಕೇಳಬೇಕೆಂದಿರುವವನಿಗಾಗಿ. ಎದುರಿನವನು ಆಡಿದ ಮಾತೊಂದು ಕಿವಿಯ ಮೇಲೆ ಬಿದ್ದಿದೆ. ಅದರ ಅರ್ಥವೇನು, ಬಳಕೆಯೆಲ್ಲಿ, ನಂಟೇನು ಎಂಬುದನ್ನು ಅರಿಯಬೇಕಾಗಿದೆ. ಅಂಥವನಿಗೆ ಮೊದಲನೆಯ ನಿಘಂಟಿನಿಂದ ಯಾವ ಉಪಯೋಗವೂ ಇಲ್ಲ. ಹೇಳುವವನ ಪುಸ್ತಕವು ಮೊದಲು ಬಂದು, ಕೇಳುವವನ ಪುಸ್ತಕವು ಎಂಟು ವರ್ಷ ತಡವಾಗಿ ಬಂದುದು ಆ ಕಾಲದ ಅವಶ್ಯಕತೆಗಳ ಕನ್ನಡಿಯಂತಿದೆ. ಆದರೆ ಯಾವುದು ಉಳಿಯಿತು ಎಂಬುದನ್ನೂ ಗಮನಿಸಬೇಕು. ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ನರು ತಿದ್ದಿ ಬೆಳೆಸಿ ೧೮೫೮ರಲ್ಲಿ ಬೆಂಗಳೂರಿನಲ್ಲಿ ಮರಳಿ ಅಚ್ಚು ಹಾಕಿಸಿದುದು ಈ ಎರಡನೆಯದನ್ನು, ಕನ್ನಡದಿಂದ ಹೊರಡುವ ನಿಘಂಟನ್ನು. ಮುಂದೆ ಕಿಟ್ಟೆಲ್ ಪಂಡಿತರು ಹಿಡಿದ ದಾರಿಯೂ ಅದೇ. ಅವರು ಇಂಡಿಯಾಕ್ಕೆ ಬಂದುದು ೧೮೫೩ರಲ್ಲಿ. ಅವರ ಕನ್ನಡ–ಇಂಗ್ಲಿಷು ನಿಘಂಟು ಮಂಗಳೂರಿನಲ್ಲಿ ಪ್ರಕಟವಾದುದು ೧೮೯೪ರಲ್ಲಿ. ನಾಲ್ವತ್ತೊಂದು ವರ್ಷ! ಆ ಅವಧಿಯಲ್ಲಿ ಅವರು ಶಬ್ದಮಣಿದರ್ಪಣವನ್ನೂ ಛಂದೋಂಬುಧಿಯನ್ನೂ ಸಂಪಾದಿಸಿದರು. ೧೮೬೨ರಷ್ಟು ಮುಂಚಿತವಾಗಿಯೇ ಕಥಾಮಾಲೆಯೆಂಬ ಪದ್ಯಗ್ರಂಥವನ್ನು ಕನ್ನಡದ ಛಂದಸ್ಸಿನಲ್ಲಿ ರಚಿಸಿದರು. ಭಾಷೆಯ ಲಯವನ್ನು ಕಿವಿಯಲ್ಲಿ ತುಂಬಿಕೊಳ್ಳದವನಿಗೆ ಛಂದಸ್ಸು ಒಲಿಯುವುದಿಲ್ಲ.

ಹಾಗಾದರೆ ಶೀಘ್ರಾಭ್ಯಾಸವೆಂಬುದು ಸುಳ್ಳೇ? ಹಾಗೆಂದು ಹೇಳುವುದೂ ತಪ್ಪು. ಪ್ರೌಢರ ನಾಲಗೆ ಬಲಿತುಹೋಗಿದೆ, ಅವರಿಗೆ ಭಾಷೆ ಬಾರದು ಎಂಬ ಸಾಮಾನ್ಯ ನಂಬಿಕೆಗೆ ಆಧಾರ ಸಾಲದು. ಹಾಲೆಂಡಿಗೆ ಬಂದು ನೆಲಸಿದ ಇಂಗ್ಲಿಷು ಭಾಷಿಕರು ಡಚ್ ಭಾಷೆಯನ್ನು ಕಲಿತ ಬಗೆಯನ್ನು ಕುರಿತು ೧೯೭೮ರಲ್ಲಿ ಪ್ರಕಟವಾದ ಪರಿಶೋಧನೆಯೊಂದರಲ್ಲಿ, ಮೊದಲ ತಿಂಗಳುಗಳಲ್ಲಿ ಹದಿಹರೆಯದವರೂ ದೊಡ್ಡವರೂ ಚಿಕ್ಕ ಮಕ್ಕಳಿಗಿಂತ ಮುಂದಿದ್ದರೆಂದು ಕಂಡುಬಂದಿತು. ಮಕ್ಕಳು ಅವರನ್ನು ಹಿಂದಿಕ್ಕತೊಡಗಿದುದು ಅನಂತರ. ಪ್ರೌಢನಿಗೆ ವ್ಯಾಕರಣದ ನಿಯಮವನ್ನು ಹೇಳಿದರೆ ತಿಳಿಯುತ್ತದೆ. ಒಂದು ಭಾಷೆಯನ್ನು ಬಲ್ಲವನಾದ್ದರಿಂದ ಇನ್ನೊಂದರಲ್ಲಿ ಏನನ್ನು ಹುಡುಕಬೇಕೆಂಬುದೂ ತಿಳಿದಿರುತ್ತದೆ. ಅವನ ಅನನುಕೂಲವಿರುವುದು ಬುದ್ಧಿಯಲ್ಲಲ್ಲ, ಅಭಿಮಾನದಲ್ಲಿ. ಮಗುವು ತಪ್ಪು ಮಾತಾಡಿದರೆ ಮನೆಯವರೆಲ್ಲರೂ ನಗುವರು, ಮಗುವೂ ಅವರೊಡನೆ ನಗುವುದು, ಮರುದಿನ ಸರಿಯಾಗಿ ಆಡುವುದು. ನಾಲ್ವತ್ತು ವರ್ಷದವನನ್ನು ನೋಡಿ ನಕ್ಕರೆ ಅವನು ಬಾಯಿ ಮುಚ್ಚಿಕೊಂಡು ತನಗೆ ಬರುವ ಭಾಷೆಗೆ ಹಿಂದಿರುಗುವನು.

ಕಾಲಪ್ರಮಾಣದ ವಿಷಯದಲ್ಲಿ ಅನುಭವಸ್ಥರ ಲೆಕ್ಕವೂ ಇದೆ. ಅಮೆರಿಕ ದೇಶದ ರಾಯಭಾರಿಗಳಿಗೆ ಭಾಷೆ ಕಲಿಸುವ ಸಂಸ್ಥೆಯು, ಇಂಗ್ಲಿಷು ಮಾತೃಭಾಷೆಯಾಗಿರುವವರು ತೆಲುಗಿನಲ್ಲಿಯೋ ತಮಿಳಿನಲ್ಲಿಯೋ ಕೆಲಸಕ್ಕೆ ಬೇಕಾದಷ್ಟು ಸಾಮರ್ಥ್ಯವನ್ನು ಪಡೆಯುವುದಕ್ಕೆ ಸುಮಾರು ೪೪ ವಾರಗಳು, ಎಂದರೆ ೧೧೦೦ ಗಂಟೆಗಳ ಪಾಠ ಬೇಕೆಂದು ಎಣಿಸಿದೆ. ಕನ್ನಡವು ಇವುಗಳ ಒಡಹುಟ್ಟಾದುದರಿಂದ ಅದಕ್ಕೆ ಬೇರೆ ಅಳತೆ ಸಲ್ಲದು. ಮೈಸೂರಿನಲ್ಲಿ ೧೯೬೯ರಲ್ಲಿ ಸ್ಥಾಪಿತವಾದ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಗೆ ಸೇರಿದ ದಕ್ಷಿಣ ಪ್ರಾಂತೀಯ ಭಾಷಾ ಕೇಂದ್ರವು, ಬೇರೆ ಪ್ರಾಂತಗಳ ಉಪಾಧ್ಯಾಯರಿಗೆ ದಕ್ಷಿಣದ ಭಾಷೆಗಳನ್ನು ಕಲಿಸಲು ಹತ್ತು ತಿಂಗಳ ಶಿಕ್ಷಣಕ್ರಮವನ್ನು ಏರ್ಪಡಿಸಿತು. ಅದೂ ಬೇರೆ ಕೆಲಸದ ಹೊರೆಯಿಲ್ಲದೆ ಅದರಲ್ಲಿಯೇ ಮಗ್ನರಾಗಿರುವವರಿಗೆ. ಮೂವತ್ತು ದಿನದ ಕೈಪಿಡಿಯನ್ನು ದಿನಕ್ಕೊಂದು ಗಂಟೆಯಂತೆ ಓದಿದವನಿಗೆ ದೊರೆಯುವುದು ಮೂವತ್ತು ಗಂಟೆ. ಅಗತ್ಯವಾದುದು ಅದರ ಮೂವತ್ತೇಳರಷ್ಟು. ಅದೇ ವೇಗದಲ್ಲಿ ನಡೆದರೆ ಮೂರು ವರ್ಷ ಹಿಡಿಯುವುದು. ಆದುದರಿಂದ ಅವಸರವಿರುವವನು ಮಾಡತಕ್ಕದ್ದು ದಿನಗಳನ್ನು ಕಡಿಮೆ ಮಾಡುವುದನ್ನಲ್ಲ, ದಿನದೊಳಗಿನ ಗಂಟೆಗಳನ್ನು ಹೆಚ್ಚಿಸುವುದನ್ನು. ಮಾರುಕಟ್ಟೆಯಲ್ಲಿ, ಬಂಡಿಯಲ್ಲಿ, ನೆರೆಮನೆಯ ಜಗಲಿಯಲ್ಲಿ ಕಳೆಯುವ ಹೊತ್ತೆಲ್ಲವೂ ಪಾಠದ ಹೊತ್ತಾದರೆ ಮೂರು ವರ್ಷದ ಕೆಲಸವು ಒಂದು ವರ್ಷದೊಳಗೆ ಆಗುವುದರಲ್ಲಿ ಸಂದೇಹವಿಲ್ಲ. ಹ್ಯಾಂಡ್ಸ್ ಅವರಿಗೆ ಅಚ್ಚಿನ ಪುಸ್ತಕವಿಲ್ಲದುದು ಈ ದೃಷ್ಟಿಯಿಂದ ಒಂದು ಭಾಗ್ಯವೆಂದೇ ಹೇಳಬೇಕು.

ಶೀಘ್ರಬೋಧಿನಿಗಳ ದೋಷವು ಅವುಗಳ ಅವಸರದಲ್ಲಿ ಮಾತ್ರ ಇಲ್ಲ. ಅವುಗಳ ಮುಖವೇ ತಪ್ಪು ದಿಕ್ಕಿಗೆ ತಿರುಗಿದೆ. ಅವೆಲ್ಲವೂ ರೀವ್ ಅವರ ಮೊದಲನೆಯ ನಿಘಂಟಿನ ಮಕ್ಕಳು. ‘ಇಲ್ಲಿ ಬಾ’, ‘ನೀರು ತಾ’, ‘ಬೆಲೆ ಎಷ್ಟು’, ‘ಬೇಗ ಹೋಗು’ ಎಂದು ಮುಂತಾಗಿ ಅಪ್ಪಣೆಗಳನ್ನೂ ಪ್ರಶ್ನೆಗಳನ್ನೂ ಅವು ಕಲಿಸುತ್ತವೆ. ಆ ಪ್ರಶ್ನೆಗೆ ಎದುರಿನವನು ಕೊಡುವ ಉತ್ತರವನ್ನು ಗ್ರಹಿಸುವ ಬಗೆಯನ್ನು ಕಲಿಸುವುದಿಲ್ಲ. ಸಿರುಗುಪ್ಪದ ಬತ್ತದ ವ್ಯಾಪಾರಕ್ಕೆ ಹೊಸದಾಗಿ ಬಂದವನೊಬ್ಬನು ಕೈಪಿಡಿಯನ್ನು ನೋಡಿ ‘ಬೆಲೆ ಹೇಗಿದೆ’ ಎಂದು ಕೇಳಬೇಕೆಂದು ಹೊರಡುವನೆಂದಿಟ್ಟುಕೊಳ್ಳಬಹುದು. ಲಕಾರ ಳಕಾರಗಳ ಭೇದವನ್ನು ಅವನ ಕಿವಿ ಇನ್ನೂ ಅರಿತಿಲ್ಲ. ಅವನು ‘ಬೆಳೆ’ ಎನ್ನುವನು. ರೈತನು ಗದ್ದೆಯ ಸ್ಥಿತಿಯನ್ನೂ ಕಾಲುವೆಯ ನೀರನ್ನೂ ಹುಳುವಿನ ಕಾಟವನ್ನೂ ಸವಿಸ್ತಾರವಾಗಿ ವರ್ಣಿಸುವನು. ಕೇಳಿದವನಿಗೆ ಒಂದು ಅಂಕಿಯೂ ಸಿಕ್ಕುವುದಿಲ್ಲ. ಹಳ್ಳಿ–ಹಲ್ಲಿ, ಮಳೆ–ಮಲೆ, ಬಿಡು–ಬೀಡು ಇವುಗಳ ನಡುವಣ ಅಂತರವನ್ನು ಪುಟದ ಮೇಲೆ ಬರೆದು ತೋರಿಸಬಹುದು. ಅದನ್ನು ಹಿಡಿಯಬೇಕಾದುದು ಕಿವಿ.

ಇನ್ನೊಂದು ದೋಷವು ಇದಕ್ಕಿಂತ ಸೂಕ್ಷ್ಮವಾದುದು. ಪರಭಾಷೆಯ ಒಂದು ಶಬ್ದಕ್ಕೆ ಕನ್ನಡದ ಒಂದು ಶಬ್ದವನ್ನು ಎದುರಿಗಿಟ್ಟರೆ ಕೆಲಸ ಮುಗಿಯಿತೆಂದು ಈ ಪುಸ್ತಕಗಳು ಭಾವಿಸುತ್ತವೆ. ಇಂಗ್ಲಿಷಿನವನು ‘ನೋ’ ಎಂದು ಒಂದೇ ಮಾತಿನಲ್ಲಿ ಮುಗಿಸುವ ನಿಷೇಧವನ್ನು ಕನ್ನಡಿಗನು ಇಲ್ಲ, ಅಲ್ಲ, ಬೇಡ, ಕೂಡದು ಎಂದು ವಿಂಗಡಿಸುವನು. ಇರವಿನ ನಿಷೇಧ ಬೇರೆ, ಗುರುತಿನ ನಿಷೇಧ ಬೇರೆ, ಇಚ್ಛೆಯ ನಿಷೇಧ ಬೇರೆ, ಅನುಮತಿಯ ನಿಷೇಧ ಬೇರೆ. ಎಲೆಯ ಮುಂದೆ ಕುಳಿತ ಅತಿಥಿಯು ಅನ್ನ ಬಡಿಸಲು ಬಂದವರಿಗೆ ‘ಬೇಡ’ವೆನ್ನುವ ಬದಲು ‘ಇಲ್ಲ’ವೆಂದರೆ, ಅವನ ಎಲೆಯಲ್ಲಿ ಅನ್ನವಿಲ್ಲವೆಂದು ತಿಳಿದು ಇನ್ನೊಂದು ಸೌಟನ್ನು ಬಡಿಸಿದರೂ ಬಡಿಸಬಹುದು! ಹಾಗೆಯೇ ಹಸಿವು, ನಿದ್ರೆ, ಕೋಪ, ನೆನಪು ಇವುಗಳಿಗೆ ಕನ್ನಡದಲ್ಲಿ ಮನುಷ್ಯನು ಕರ್ತೃವಲ್ಲ. ಅವು ಅವನಿಗೆ ‘ಆಗುತ್ತವೆ’, ‘ಬರುತ್ತವೆ’. ‘ನನಗೆ ನೆನಪಿದೆ’ ಎಂಬ ವಾಕ್ಯವನ್ನು ಉರುಹೊಡೆಯುವುದು ಸುಲಭ. ಅದರ ಹಿಂದಿರುವ ಮನೋಧರ್ಮವನ್ನು ಮೈಗೂಡಿಸಿಕೊಳ್ಳುವುದಕ್ಕೆ ಆ ಭಾಷೆಯವರ ನಡುವೆ ಬಾಳಬೇಕು.

ಉರುಹೊಡೆಯುವ ಮಾತು ಬಂದುದರಿಂದ ಕ್ಯಾಂಬೆಲ್ ಸಾಹೇಬರ ವಿಷಯಕ್ಕೆ ಬರಬೇಕಾಗಿದೆ. ಅವರು ೧೮೧೬ರಲ್ಲಿ ತೆಲುಗು ವ್ಯಾಕರಣವನ್ನು ಪ್ರಕಟಿಸಿದವರು. ದಕ್ಷಿಣದ ಭಾಷೆಗಳಿಗೆ ಸಂಸ್ಕೃತವಲ್ಲದ ಒಂದು ಸಮಾನಮೂಲವಿದೆಯೆಂದು ಎಲ್ಲಿಸ್ ಸಾಹೇಬರು ಸಾಧಿಸಿ ತೋರಿಸಿದ ಪ್ರಸಿದ್ಧ ಟಿಪ್ಪಣಿಯು ಮೊದಲು ಅಚ್ಚಾದುದು ಆ ಗ್ರಂಥದ ಪೀಠಿಕಾಭಾಗದಲ್ಲಿಯೇ. ಬಳ್ಳಾರಿಯ ಕಲೆಕ್ಟರಾಗಿ ಅವರು ೧೮೨೩ನೆಯ ಆಗಸ್ಟ್ ೧೭ರಂದು ಸರಕಾರಕ್ಕೆ ಜಿಲ್ಲೆಯ ವಿದ್ಯಾಭ್ಯಾಸವನ್ನು ಕುರಿತ ವರದಿಯೊಂದನ್ನು ಕಳುಹಿಸಿದರು. ಆಗ ಜಿಲ್ಲೆಯ ಜನಸಂಖ್ಯೆ ೯,೨೭,೮೫೭; ಪಾಠಶಾಲೆಗಳು ೫೩೩; ವಿದ್ಯಾರ್ಥಿಗಳು ೬,೬೪೧; ಅವರಲ್ಲಿ ಹುಡುಗಿಯರು ಕೇವಲ ೬೦. ಶಾಲೆಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬, ಮರಾಠಿಯವು ೨೩, ಪಾರಸಿಯವು ೨೧, ತಮಿಳಿನವು ೪, ಇಂಗ್ಲಿಷಿನದು ಒಂದೇ ಒಂದು. ಬ್ರಾಹ್ಮಣರು ಮಾತ್ರವೇ ಓದುತ್ತಿದ್ದ ಶಾಸ್ತ್ರಪಾಠದ ಸ್ಥಳಗಳು ೨೩. ಮುಂದೆ ೧೮೮೨ರಲ್ಲಿ ಬೇರೆಯಾದ ಅನಂತಪುರದ ಸೀಮೆಯೂ ಆಗ ಈ ಜಿಲ್ಲೆಯಲ್ಲಿಯೇ ಅಡಕವಾಗಿತ್ತೆಂಬುದನ್ನು ನೆನೆದರೆ, ಕನ್ನಡವೂ ತೆಲುಗೂ ಹೆಚ್ಚುಕಡಿಮೆ ಸರಿಸಮವಾಗಿ ನಿಂತುದು ಸೋಜಿಗವಲ್ಲ.

ಆ ವರದಿಯಲ್ಲಿ ಪ್ರಶಂಸೆಯೂ ಇದೆ, ಆಕ್ಷೇಪವೂ ಇದೆ. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವ ಮಿತವ್ಯಯವನ್ನೂ, ಮುಂದಿನ ತರಗತಿಯವರು ಹಿಂದಿನವರಿಗೆ ಪಾಠ ಹೇಳುವ ಪದ್ಧತಿಯನ್ನೂ ಕ್ಯಾಂಬೆಲ್ ಸಾಹೇಬರು ಮೆಚ್ಚಿಕೊಂಡಿರುವರು. ಈ ಎರಡನೆಯದನ್ನು ಇಂಗ್ಲೆಂಡೇ ಅನುಕರಿಸಿತೆಂದು ಒಪ್ಪಿಕೊಂಡಿರುವರು. ಆದರೆ ಶಾಲೆಯ ಪುಸ್ತಕಗಳು ಆಡುಮಾತಿಗೆ ದೂರವಾದ ಪದ್ಯಭಾಷೆಯಲ್ಲಿರುವುದರಿಂದ ಮಕ್ಕಳು ಅರ್ಥವರಿಯದೆ ಗಿಳಿಗಳಂತೆ ಪಠಿಸುವರೆಂದು ಆಕ್ಷೇಪಿಸಿರುವರು. ಆಕ್ಷೇಪವು ನಿರಾಧಾರವಲ್ಲ. ಆದರೆ ಅದೇ ಕಾಲದಲ್ಲಿ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನಲ್ಲಿ ಕಂಪನಿಯ ಯುವಕ ಅಧಿಕಾರಿಗಳು ದೇಶಭಾಷೆಗಳ ಪರೀಕ್ಷೆಗೆ ಕೂರುತ್ತಿದ್ದರು. ಉತ್ತೀರ್ಣರಾದವರಿಗೆ ಭತ್ಯ ಹೆಚ್ಚುತ್ತಿತ್ತು. ಪರೀಕ್ಷೆಗಾಗಿ ಕಲಿತ ವಾಕ್ಯಗಳಿಗೂ ಗಿಳಿಪಾಠಕ್ಕೂ ಎಷ್ಟು ದೂರವೆಂಬ ಪ್ರಶ್ನೆಯು ಇಲ್ಲಿ ತಾನಾಗಿ ಏಳುತ್ತದೆ. ಹಳ್ಳಿಯ ಹುಡುಗನಿಗೆ ಪದ್ಯದ ಅರ್ಥವು ತಿಳಿಯದಿದ್ದರೂ ಅದರ ನಡೆ ಕಿವಿಯಲ್ಲಿ ನಿಲ್ಲುತ್ತಿತ್ತು. ದೊಡ್ಡವನಾದ ಮೇಲೆ ಪುರಾಣವನ್ನು ಕೇಳುವಾಗ ಆ ನಡೆಗೆ ಅರ್ಥವು ಬಂದು ಸೇರುತ್ತಿತ್ತು. ಮೂವತ್ತು ದಿನದ ಕೈಪಿಡಿಯ ಗಿಳಿಗೆ ಅರ್ಥವುಂಟು, ನಡೆಯಿಲ್ಲ. ಮಾತು ಉಂಟು, ಮರುಮಾತಿಲ್ಲ. ಎರಡು ಗಿಳಿಪಾಠಗಳಲ್ಲಿ ಬೆಳೆಯುವ ಬೀಜವಿದ್ದುದು ಮೊದಲನೆಯದರಲ್ಲಿಯೇ ಎಂದು ತೋರುತ್ತದೆ.

ಎಲ್ಲಿಸ್ ಸಾಹೇಬರು ತೋರಿಸಿಕೊಟ್ಟ ಭಾಷಾಬಾಂಧವ್ಯದ ಫಲವನ್ನು ಸಿರುಗುಪ್ಪದಲ್ಲಿ ಕಣ್ಣಾರೆ ಕಾಣಬಹುದು. ಬಳ್ಳಾರಿಯು ೧೯೫೩ನೆಯ ಅಕ್ಟೋಬರ್ ೧ರಂದು ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ನಕಾಶೆಯ ಮೇಲೆ ಗೆರೆ ಬಿದ್ದಿತು, ನಾಲಗೆಯ ಮೇಲೆ ಬೀಳಲಿಲ್ಲ. ತುಂಗಭದ್ರೆಯ ಕಾಲುವೆಗಳಲ್ಲಿ ನೀರು ಹರಿದಮೇಲೆ ತೆಲುಗುನಾಡಿನ ಒಕ್ಕಲುಗಳು ಬಂದು ಸಿರುಗುಪ್ಪದ ಸುತ್ತ ಕ್ಯಾಂಪುಗಳೆಂಬ ಹೊಸ ಹಳ್ಳಿಗಳನ್ನು ಕಟ್ಟಿಕೊಂಡರು. ಅಂಥ ಒಕ್ಕಲಿಗನಿಗೆ ಕನ್ನಡವು ಶೀಘ್ರವಾಗಿ ಒಲಿಯುವುದರಲ್ಲಿ ಮಾಯವೇನೂ ಇಲ್ಲ. ಅವನ ‘ಪಾಲು’ ಇಲ್ಲಿ ಹಾಲಾಗುತ್ತದೆ, ‘ಪುಲಿ’ ಹುಲಿಯಾಗುತ್ತದೆ, ‘ಪಾಮು’ ಹಾವಾಗುತ್ತದೆ, ‘ಪೇರು’ ಹೆಸರಾಗುತ್ತದೆ. ಅವನ ‘ಚೆವಿ’ ಇಲ್ಲಿ ಕಿವಿ, ‘ಚೆರುವು’ ಕೆರೆ, ‘ಚೆಡು’ ಕೆಡು. ಇಂಥ ಎರಡು ಸೂತ್ರಗಳು ಕೈಗೆ ಸಿಕ್ಕಿದರೆ ನೂರಾರು ಶಬ್ದಗಳ ಬಾಗಿಲು ಒಮ್ಮೆಗೇ ತೆರೆಯುತ್ತದೆ. ಲಿಪಿಯೂ ಸೋದರಿ, ವಾಕ್ಯದ ಕಟ್ಟಡವೂ ಒಂದೇ. ಶೀಘ್ರಾಭ್ಯಾಸದ ನಿಜವಾದ ಕೈಪಿಡಿಯೊಂದನ್ನು ಬರೆಯಬೇಕಾದರೆ ಕಲಿಯುವವನ ಮಾತೃಭಾಷೆ ಯಾವುದೆಂಬುದನ್ನು ಮೊದಲು ಕೇಳಿ, ಈ ಬಗೆಯ ಸೂತ್ರಗಳಿಂದಲೇ ಆರಂಭಿಸಬೇಕು. ಎಲ್ಲರಿಗೂ ಒಂದೇ ಪುಸ್ತಕವೆಂಬುದು ಎಲ್ಲ ಕಾಲಿಗೂ ಒಂದೇ ಕೆರವೆಂಬಂತೆ.

ಆದರೆ ನಂಟಿನಲ್ಲಿಯೂ ಅಪಾಯವುಂಟು. ತೆಲುಗಿನವನಿಗೆ ‘ಅವ್ವ’ನೆಂದರೆ ಅಜ್ಜಿ, ಈ ಕಡೆಯ ಹಳ್ಳಿಗಳಲ್ಲಿ ಹೆತ್ತ ತಾಯಿ. ತೆಲುಗಿನ ‘ಚಾಲು’ ಸಾಕೆಂಬ ಅರ್ಥದ್ದು. ಇಲ್ಲಿಯ ಬಳಕೆಯಲ್ಲಿ ಚಾಲು ಎಂದರೆ ನಡೆಯುತ್ತಿರುವುದು. ನೀರಿನ ಪಂಪಿನ ಬಳಿ ನಿಂತ ಇಬ್ಬರು ಈ ಒಂದು ಮಾತಿನಿಂದಲೇ ಗದ್ದೆಯನ್ನು ಮುಳುಗಿಸಬಹುದು. ತೆಲುಗಿನಲ್ಲಿ ಏಕವಚನದ ಸ್ತ್ರೀಗೂ ಜಡವಸ್ತುವಿಗೂ ಕ್ರಿಯಾಪದವು ಒಂದೇ. ಆ ಅಭ್ಯಾಸದಿಂದ ‘ಅವಳು ಬಂತು’ ಎಂಬ ಪ್ರಯೋಗವು ಹುಟ್ಟುತ್ತದೆ. ಶೀಘ್ರವಾಗಿ ಕಲಿತವನ ತಪ್ಪು ಶೀಘ್ರವಾಗಿಯೇ ಗಟ್ಟಿಯಾಗುತ್ತದೆ. ಅರ್ಥವಾಯಿತೆಂದು ಎಲ್ಲರೂ ಸುಮ್ಮನಾಗುವುದರಿಂದ ತಿದ್ದುವವರೇ ಇಲ್ಲದಾಗುವರು. ಹೊಳೆಯಾಚೆ ಸಿಂಧನೂರಿನ ಬಳಿ ೧೯೭೦ರ ದಶಕದಲ್ಲಿ ಪುನರ್ವಸತಿ ಹೊಂದಿದ ಬಂಗಾಳಿ ನಿರಾಶ್ರಿತರಿಗೆ ಈ ನಂಟಿನ ಅನುಕೂಲವಿರಲಿಲ್ಲ. ಲಿಪಿಯೂ ಬೇರೆ, ಭಾಷಾಕುಲವೂ ಬೇರೆ. ಒಂದೇ ಸಂತೆಗೆ ಬರುವ ಈ ಇಬ್ಬರು ಪ್ರೌಢರಿಗೆ ಒಂದೇ ಮೂವತ್ತು ದಿನವನ್ನು ಗೊತ್ತುಮಾಡುವ ಪುಸ್ತಕವನ್ನು ಏನೆಂದು ಕರೆಯಬೇಕೆಂಬುದನ್ನು ವಾಚಕರೇ ನಿರ್ಣಯಿಸಬಹುದು.

ಭಾಷೆಯನ್ನು ಬಲ್ಲೆವೆಂದು ನಿಶ್ಚಿಂತರಾಗಿರುವ ಕನ್ನಡಿಗರೂ ಈ ಸಂದರ್ಭದಲ್ಲಿ ಕುರುಗೋಡಿಗೆ ಒಮ್ಮೆ ಹೋಗಿಬರುವುದು ಒಳ್ಳೆಯದು. ಸಿಂದ ಅರಸರ ರಾಜಧಾನಿಯಾಗಿದ್ದ ಆ ಊರಿನಲ್ಲಿ ಏಕಶಿಲೆಯ ದೊಡ್ಡ ಬಸವಣ್ಣನನ್ನು ನೋಡಲು ಜನರು ಬರುವರು. ಹನ್ನೆರಡನೆಯ ಶತಮಾನದ ಶಾಸನಗಳ ಮುಂದೆ ನಿಲ್ಲುವವರು ಅಪರೂಪ. ನಿಂತವರಿಗಾದರೂ, ಹುಟ್ಟಿನಿಂದ ಕನ್ನಡವನ್ನೇ ಆಡಿದವರಾದರೂ, ಆ ಕಲ್ಲಿನ ಮಾತು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಲಿಪಿಯನ್ನು ಕೆಲವು ವಾರಗಳಲ್ಲಿ ಅಭ್ಯಾಸ ಮಾಡಬಹುದು. ಹಳಗನ್ನಡದ ಪದ್ಯವು ಬಾಯಿಗೆ ಬಂದರೂ ಅರ್ಥವಾಗುವುದಕ್ಕೆ ಕೆಲವು ವರ್ಷಗಳೇ ಬೇಕು. ಆ ಕಲ್ಲಿನೆದುರಿಗೆ ಕಲೆಕ್ಟರರ ಗಿಳಿಯೂ, ಹೊರನಾಡಿನಿಂದ ನಿನ್ನೆ ಬಂದವನೂ, ಮನೆಯ ಯಜಮಾನನೂ ಒಂದೇ ಪಂಕ್ತಿಯ ವಿದ್ಯಾರ್ಥಿಗಳು. ಮಂಜೇಶ್ವರದ ಗೋವಿಂದ ಪೈಯವರು ಗ್ರೀಕ್ ಮುಂತಾದ ದೂರದೇಶಗಳ ಭಾಷೆಗಳನ್ನೂ ಅಭ್ಯಸಿಸಿದರು. ಅವುಗಳನ್ನು ಆಡಿ ತೋರಿಸುವುದಕ್ಕಲ್ಲ, ಆ ಭಾಷೆಗಳವರು ಬರೆದಿಟ್ಟುದನ್ನು ಅವರ ಮಾತಿನಲ್ಲಿಯೇ ಕೇಳುವುದಕ್ಕೆ. ವಿನೋಬಾ ಭಾವೆಯವರು ವೆಲ್ಲೂರಿನ ಸೆರೆಮನೆಯಲ್ಲಿ ದಕ್ಷಿಣದ ನಾಲ್ಕು ಭಾಷೆಗಳ ಅಭ್ಯಾಸಕ್ಕೆ ತೊಡಗಿದರು. ಸೆರೆಯಲ್ಲಿರುವವನಿಗೆ ಅಪ್ಪಣೆ ಕೊಡುವ ಅವಕಾಶವೇ ಇಲ್ಲ, ಕೇಳುವ ಅವಕಾಶ ಬೇಕಾದಷ್ಟಿದೆ. ಇವರೆಲ್ಲರೂ ಎರಡನೆಯ ನಿಘಂಟಿನ ಸಂತತಿಯವರು.

‘ಆಡಾಡುತ್ತ ಭಾಷೆ, ಹಾಡಾಡುತ್ತ ರಾಗ’ ಎಂಬ ಗಾದೆಯು ಮೇಲೆ ಹೇಳಿದುದಕ್ಕೆ ವಿರೋಧವೆಂದು ಕೆಲವರು ಆಕ್ಷೇಪಿಸಬಹುದು. ವಿರೋಧವಿಲ್ಲ. ಆಡುವುದಕ್ಕೆ ಇಬ್ಬರು ಬೇಕು. ಒಬ್ಬನೇ ಆಡಿದರೆ ಅದು ಪಠನ. ರಾಗವನ್ನು ಕಲಿಯುವವನು ಮೊದಲು ತಂಬೂರಿಯನ್ನು ಕೇಳುವನು. ಆದರೆ ಇಲ್ಲಿ ವಿದ್ಯಾವಂತ ಕುಟುಂಬಗಳ ಹೊಣೆಯೊಂದು ಎದುರಾಗುತ್ತದೆ. ಕಲಿಯುವವನು ಕೇಳಬೇಕಾದರೆ ಅವನಿಗೆ ಕೇಳಿಸುವವರು ಬೇಕಷ್ಟೆ. ಬಳ್ಳಾರಿಯ ಮನೆಗಳಲ್ಲಿ ಎರಡು ಮೂರು ಭಾಷೆಗಳು ಸಲೀಸಾಗಿ ಓಡಾಡುತ್ತವೆ. ಈ ಊರಿನ ಹೆಮ್ಮೆ ಅದು. ಆದರೆ ಆ ಹೆಮ್ಮೆಯೇ ಕಲಿಯುವವನಿಗೆ ಅಡ್ಡಗೋಡೆಯಾಗಿದೆ. ತೋರಣಗಲ್ಲಿನ ಉಕ್ಕಿನ ಕಾರಖಾನೆಗೋ, ನಗರದ ಜೀನ್ಸ್ ಹೊಲಿಗೆಯ ಕೆಲಸಕ್ಕೋ ದೂರದಿಂದ ಬಂದವನು ತೊದಲುತ್ತ ಒಂದು ಕನ್ನಡ ವಾಕ್ಯವನ್ನು ಆರಂಭಿಸುವನು. ಅದು ಮುಗಿಯುವ ಮೊದಲೇ ಎದುರಿನವರು ಅವನ ಮೇಲೆ ಕನಿಕರವಿಟ್ಟು ಹಿಂದಿಯಲ್ಲಿಯೋ ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಉತ್ತರ ಕೊಟ್ಟುಬಿಡುವರು. ಸೌಜನ್ಯವೆಂದು ಮಾಡಿದ ಈ ಉಪಕಾರವು ಅವನ ಒಂದು ದಿನದ ಪಾಠವನ್ನು ಕಸಿದುಕೊಂಡಂತೆ. ಹತ್ತು ವರ್ಷ ಕಳೆದಮೇಲೆ, ಇಷ್ಟು ಕಾಲವಿದ್ದರೂ ಕನ್ನಡ ಬಾರದಲ್ಲಾ ಎಂದು ಅದೇ ಜನರು ಅವನನ್ನು ನಿಂದಿಸುವರು! ತಾಳ್ಮೆಯಿಂದ ಕಾದು, ಅವನ ವಾಕ್ಯವು ಮುಗಿಯಲು ಬಿಟ್ಟು, ತಪ್ಪನ್ನು ನಗದೆ ತಿದ್ದಿ, ಕನ್ನಡದಲ್ಲಿಯೇ ಮೆಲ್ಲಗೆ ಮರುಮಾತು ಕೊಡುವುದಾದರೆ ಯಾವ ಕೈಪಿಡಿಯೂ ಕೊಡಲಾರದ ಶೀಘ್ರತೆಯು ಅವನಿಗೆ ಲಭಿಸುವುದು.

ಹ್ಯಾಂಡ್ಸ್, ರೀವ್ ಇವರಿಗೆ ಪಾಠ ಹೇಳಿದ ಬಳ್ಳಾರಿಯ ಜನರ ಹೆಸರುಗಳು ಆ ಗ್ರಂಥಗಳ ಮುಖಪುಟದ ಮೇಲಿಲ್ಲ. ಯಾವ ಮುನ್ಷಿ ಯಾವ ಶಬ್ದವನ್ನು ತಿದ್ದಿದನು, ಯಾವ ಸಂತೆಯ ಹೆಂಗಸು ಯಾವ ಗಾದೆಯನ್ನು ಹೇಳಿಕೊಟ್ಟಳು ಎಂಬುದನ್ನು ಮುಖಪುಟವು ಹೇಳುವುದಿಲ್ಲ. ಆದರೆ ೧೮೩೨ರ ನಿಘಂಟಿನ ಎಡಗಡೆಯ ಅಂಕಣದಲ್ಲಿ ಸಾಲುಗಟ್ಟಿ ನಿಂತ ಕನ್ನಡ ಶಬ್ದಗಳೆಲ್ಲವೂ ಮೊದಲು ಕನ್ನಡಿಗರ ಬಾಯಿಯಿಂದಲೂ ಓಲೆಯಿಂದಲೂ ಬಂದವು. ಅವುಗಳನ್ನು ಹೇಳಿದವರು ತಾಳ್ಮೆಗೆಟ್ಟು ಮರ್ಯಾದೆಗೆಂದು ಹರಕು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಿದ್ದರೆ ಆ ಅಂಕಣವು ಬರಿದಾಗಿಯೇ ಉಳಿಯುತ್ತಿತ್ತು.